ಹುಟ್ಟುವ ಮೊದಲೇ ಮುಪ್ಪಾದ ಫೈಲುಗಳು

"ಸಾರ್, ಅಲ್ಲಿ ಕೂರಬೇಡಿ. ಬಣ್ಣ ಅಂಟುತ್ತೆ."

ಭಾವ ಮಾತು ಮುಗಿಸುವ ಹೊತ್ತಿಗೆ ಇನ್‌ಸ್ಪೆಕ್ಟರ್ ಸಾಹೇಬರ ಸವಾರಿ ಬಾವಿಕಟ್ಟೆಯ ಮೇಲೆ ಇಳಿದಾಗಿತ್ತು. ಆ ದೇಹ ಒಮ್ಮೆ ಇಳಿಯಲು ಶುರುವಾದರೆ ನಡುವೆ ತಡೆದು ನಿಲ್ಲಿಸುವ ಶಕ್ತಿ ಮೂರು ಲೋಕದಲ್ಲಿ ಯಾವುದಕ್ಕೂ ಇರಲಿಲ್ಲ. ರಂಗದ ನಟ್ಟನಡುವಿನ ಪ್ಲೈವುಡ್ಡಿನ ಬಾವಿ ಕುಂಯ್ ಎಂದಿತು.

"ಅಂಟಿದ್ರೆ ಅಂಟಲಿ ಬಿಡ್ರೀ. ಈ ಪ್ಯಾಂಟು ಎಂಥೆಂಥಾ ಕಡೆ ಕೂತು ಬಂದಿದೆ ಅಂತ ನಿಮಗೇನು ಗೊತ್ತು?" ಇನ್‌ಸ್ಪೆಕ್ಟರ್ ಟೀ ಲೋಟವನ್ನು ಊದಿದರು. "ಈ ಟೀ ಮುಗಿಯೋವರೆಗೆ ಟೈಮು. ಮುಗೀತೋ, ನಿಮ್ಮ ಭಾವ ನನ್ನ ಜೀಪು ಹತ್ತುತಾರೆ."

ಕೊನೆಯ ಮಾತು ಹೇಳಿದ್ದು ಚಿಮಟಳಿಗೆ.

ಚಿಮಟ ಎಂದರೆ ಯಾರೆಂದು ಕೇಳುವವರು ಆ ಊರಿನಲ್ಲಿ ಹಸುಗೂಸುಗಳು ಮಾತ್ರ. ತೊಟ್ಟಿಲಲ್ಲಿದ್ದಾಗಲೇ ತನ್ನ ಹಾಲಿನ ಬಾಟಲಿ ಕದ್ದವರು ಯಾರೆಂದು ಬೆರಳು ತೋರಿಸಿದ್ದಳಂತೆ. ಮುಳ್ಳು ಎಷ್ಟೇ ಆಳದಲ್ಲಿರಲಿ, ಒಮ್ಮೆ ಕಚ್ಚಿ ಹಿಡಿದರೆ ಕಿತ್ತೇ ತೆಗೆಯುವ ಹೆಂಗಸು. ಅವಳು ತಮ್ಮ ಬೀದಿಯಲ್ಲಿ ಮನೆ ಮಾಡಿದ್ದಾಳೆಂದು ತಿಳಿದ ಕಳ್ಳರು ಕದ್ದದ್ದನ್ನು ಅಂಚೆಯಲ್ಲಿ ವಾಪಸ್ ಕಳಿಸಿ, ಅಂಚೆ ಖರ್ಚು ತಾವೇ ಕೊಟ್ಟಿದ್ದರು.

ಆದರೆ ಇವತ್ತು ಆ ಚಿಮಟಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹೆಬ್ಬೆರಳು ಹಲಗೆಯನ್ನು ಕೆರೆಯುತ್ತಿತ್ತು. ಸೆರಗಿನ ತುದಿಯನ್ನು ಸುತ್ತಿ ಬಿಚ್ಚಿ ಸುತ್ತಿ ಹಗ್ಗ ಮಾಡಿದ್ದಳು. ಯಾಕೆಂದರೆ ಈ ಸಲ ಮುಳ್ಳು ಚುಚ್ಚಿದ್ದು ಮನೆಯವರಿಗೆ.

ನಿನ್ನೆ ಮಧ್ಯಾಹ್ನದ ಆಟದಲ್ಲಿ, ಹೆಜ್ಜೆ ಸದ್ದು ಬರಬೇಕಾದ ಕಡೆ ಗುಡುಗು ಬಂದು, ಬಂಡೆ ಬಿದ್ದು, ರಾಣಿಯ ಪಾತ್ರ ಮಾಡುವ ರಾಣಿಯಮ್ಮ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಾರೆ: ಇಷ್ಟು ನೆನಪಿದ್ದರೆ ಮುಂದಿನದಕ್ಕೆ ಸಾಕು.

ಮೂರನೇ ಅಂಕದ ಬಾವಿ ದೃಶ್ಯ ಆ ನಾಟಕ ಕಂಪನಿಯ ಕಿರೀಟ. ರಾಣಿ ಬಾವಿಕಟ್ಟೆಯ ಮೇಲೆ ಕೂತು ಅಳುತ್ತಾಳೆ. ಗೂಬೆ ಕೂಗುತ್ತದೆ. ಹೆಜ್ಜೆ ಸದ್ದಾಗುತ್ತದೆ, ರಾಣಿ ಬೆಚ್ಚಿ ಓಡುತ್ತಾಳೆ. ಗುಡುಗುತ್ತದೆ, ಅವಳು ಕೂತಿದ್ದ ಜಾಗಕ್ಕೇ ಬಂಡೆ ಬೀಳುತ್ತದೆ. ಥರ್ಮಕೋಲಿನ ಬಂಡೆಯಲ್ಲ. ಬಿದ್ದರೆ ಕೊನೆಯ ಸಾಲಿನವನ ಹಲ್ಲೂ ಕಟಕಟ ಅನ್ನಬೇಕು ಎಂದು ಯಜಮಾನರು ಹೊಲಿಸಿದ ಮರಳು ತುಂಬಿದ ಬಂಡೆ. ಅದು ಬಿದ್ದ ಸದ್ದಿಗೆ ಪಕ್ಕದ ಊರಿನ ಗಡಿಯಾರಗಳು ನಿಂತುಹೋಗುತ್ತಿದ್ದವು.

ಬಂಡೆಯ ಹಗ್ಗ ಹಿಡಿದು ಮೇಲೆ ಅಟ್ಟದಲ್ಲಿ ಕೂರುವವನು ಹಗ್ಗದಜ್ಜ. ತೂಗುಬಿಟ್ಟ ಪರದೆಗಳ ಸಂತೆಯಲ್ಲಿ ಅವನಿಗೆ ಕೆಳಗಿನ ರಂಗ ಕಾಣುವುದಿಲ್ಲ, ಬರೀ ಕೇಳಿಸುತ್ತದೆ. ಗುಡುಗಿದರೆ ಹಗ್ಗ ಬಿಡು: ಇಷ್ಟೇ ಅವನಿಗೆ ಕೊಟ್ಟ ಕೆಲಸ.

ಗುಡುಗುವ ಕೆಲಸ ಭಾವನದು. ಕಂಪನಿಯಲ್ಲಿ ಎಲ್ಲರಿಗೂ ಅವರು ಸೌಂಡ್ ಮಾಸ್ಟರ್. ಲೋಕದ ಸದ್ದನ್ನೆಲ್ಲ ಮೆಷಿನ್ನಿಗೆ ಒಪ್ಪಿಸಿ ತಾವು ದನಿ ಏರಿಸದೆ ಬದುಕಿದ ಪ್ರಾಣಿ. ಮದುವೆಯಾದಾಗಿನಿಂದ ಗಂಡನ ಬಾಯಿಂದ ಬಂದ ದೊಡ್ಡ ಸದ್ದು ಸೀನು ಒಂದೇ ಎಂದು ಅಕ್ಕ ಹೇಳುತ್ತಿದ್ದಳು. ಅಂಥ ಮನುಷ್ಯ ನಿನ್ನೆ ಬೆಳಿಗ್ಗೆ ರಾಣಿಯಮ್ಮನ ಮನೆಬಾಗಿಲಲ್ಲಿ ನಿಂತು, ಕೀಲಿ ಗೊಂಚಲು ಆಡಿಸುತ್ತಾ, ಬೀದಿಯ ಕಿಟಕಿಗಳೆಲ್ಲ ದಡಾರನೆ ತೆರೆದುಕೊಳ್ಳುವಂತೆ ಕೂಗಾಡಿದ್ದರು. ಯಾಕೆ ಜಗಳ ಎಂದು ಕೇಳಿದರೆ ಬಾಯಿಗೆ ಬೀಗ. ಬೆಳಿಗ್ಗೆ ಜಗಳ, ಮಧ್ಯಾಹ್ನ ಬಂಡೆ. ಇನ್‌ಸ್ಪೆಕ್ಟರಿಗೆ ಇನ್ನೇನು ಬೇಕು?

ಚಿಮಟ ಬಾವಿಯನ್ನು ಒಂದು ಸುತ್ತು ಹಾಕಿದಳು. ಬಿದ್ದ ಬಂಡೆ ಸೀಮೆಸುಣ್ಣದ ಗೆರೆಯೊಳಗೆ ಹಾಗೇ ಬಿದ್ದಿತ್ತು. ಅದರ ಕೆಳಗಿನ ಹಲಗೆ ಮುರಿದಿತ್ತು. ಆದರೆ ಆ ಜಾಗ ಬಾವಿಯಿಂದ ಆಚೆಗೆ, ಒಬ್ಬ ಆಳು ಅಡ್ಡ ಮಲಗುವಷ್ಟು ದೂರ. ಬಾವಿಕಟ್ಟೆಗೆ ಒಂದು ಗೀರೂ ಇರಲಿಲ್ಲ.

"ಸಾಹೇಬ್ರೇ, ಬಂಡೆ ಬೀಳಬೇಕಾಗಿದ್ದು ನೀವು ಕೂತಿರೋ ಕಟ್ಟೆ ಮೇಲೆ ಅಲ್ವಾ? ಅಲ್ಲಿ ಹೇಗೆ ಬಿತ್ತು?"

"ಕಟ್ಟೆಗೆ ಬಡಿದು ಪುಟಿದಿರುತ್ತೆ."

"ಮರಳಿನ ಮೂಟೆ ಪುಟಿಯುತ್ತಾ?"

"ಏನ್ರೀ ಚಿಮಟ, ಟೀ ಅರ್ಧ ಆಯ್ತು."

ಚಿಮಟ ಭಾವನ ತೋಳು ಹಿಡಿದು ಸೌಂಡ್ ರೂಮಿನತ್ತ ನಡೆದಳು. ದಾರಿಯಲ್ಲಿ ಟೀಯವನಿಗೆ ಕಣ್ಣು ಮಿಟುಕಿಸಿ, "ಸಾಹೇಬರ ಲೋಟ ಖಾಲಿ ಆಗಬಾರದು" ಎಂದಳು. ಕಾಲವನ್ನು ಹಿಡಿದು ನಿಲ್ಲಿಸಿದ ಮೊದಲ ಹೆಂಗಸು ಅವಳೇ ಇರಬೇಕು, ಅದೂ ಟೀ ಕೊಟ್ಟು.

ಸೌಂಡ್ ರೂಮೆಂದರೆ ರಂಗದ ಪಕ್ಕದ ಗಾಜಿನ ಗೂಡು. ಒಳಗೆ ಒಬ್ಬರು ಉಸಿರು ಬಿಟ್ಟರೆ ಇನ್ನೊಬ್ಬರು ಎಳೆದುಕೊಳ್ಳಬೇಕು. ಮೂಲೆಯಲ್ಲಿ ಆ ಕಂಪ್ಯೂಟರು. ಬಿಳಿಯದಾಗಿದ್ದದ್ದು ಹಳದಿಯಾಗಿ, ಹಳದಿ ಕಂದಾಗಿತ್ತು. ಅದರ ಫ್ಯಾನಿನ ಗೊರಕೆ ಕೇಳಿದರೆ ಯಾರೋ ಹಿರಿಯರು ಮಲಗಿದ್ದಾರೆಂದು ಚಪ್ಪಲಿ ಕಳಚಿ ಒಳಗೆ ಬರಬೇಕು.

"ಈಗ ನೇರ ಹೇಳಿ ಭಾವ. ನಿನ್ನೆ ಯಾವ ಗುಂಡಿ ಒತ್ತಿದ್ರಿ?"

"ಎರಡು."

"ಎರಡು ಅಂದ್ರೆ?"

"ಒಂದು ಗೂಬೆ, ಎರಡು ಹೆಜ್ಜೆ, ಮೂರು ಗುಡುಗು. ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಅದೇ."

"ಎರಡು ಒತ್ತಿದ್ರೆ ಗುಡುಗು ಎಲ್ಲಿಂದ ಬಂತು?"

"ಸ್ಪೀಕರಿನಿಂದ."

"ಜೈಲಲ್ಲಿ ಹೇಳಿ ಈ ಜೋಕು, ಚಪ್ಪಾಳೆ ಬೀಳುತ್ತೆ." ಚಿಮಟ ಕುರ್ಚಿ ಎಳೆದಳು, ಕೂರಲಿಲ್ಲ, ತಳ್ಳಿದಳು. "ಫೈಲುಗಳನ್ನ ತೋರಿಸಿ."

ಭಾವ ತೋರಿಸಿದರು. ಚಿಮಟ ಓದುತ್ತಾ ಹೋದಳು, ಹೋದಳು, ಹೋಗುತ್ತಲೇ ಇದ್ದಳು. ಫೈಲುಗಳಿಗೆ ಹೆಸರಿಟ್ಟವರು ಯಜಮಾನರು. ಅವರಿಗೆ ಹೆಸರೂ ಒಂದೇ, ಗೋಡೆಗೆ ಅಂಟಿಸುವ ಪೋಸ್ಟರೂ ಒಂದೇ. ಇಂಗ್ಲಿಷ್ ಅಕ್ಷರದಲ್ಲಿ ಅಪ್ಪಟ ಕನ್ನಡ: 'ಮೂರನೇ ಅಂಕ ಬಾವಿ ದೃಶ್ಯ ಗೂಬೆ ಭಯಂಕರವಾಗಿ ಕೂಗುವುದು.' 'ಮೂರನೇ ಅಂಕ ಬಾವಿ ದೃಶ್ಯ ಹೆಜ್ಜೆ ಸದ್ದು ದೂರದಿಂದ ಹತ್ತಿರಕ್ಕೆ.' 'ಮೂರನೇ ಅಂಕ ಬಾವಿ ದೃಶ್ಯ ಗುಡುಗು ಪ್ರೇಕ್ಷಕರ ಎದೆ ನಡುಗುವಂತೆ.' ಒಂದೊಂದನ್ನು ಓದಿ ಮುಗಿಸುವಷ್ಟರಲ್ಲಿ ಮಕ್ಕಳು ದೊಡ್ಡವರಾಗಿ ಕೆಲಸಕ್ಕೆ ಸೇರಬಹುದಿತ್ತು.

"ಹೆಸರೆಲ್ಲ ಸರಿಯಾಗೇ ಇದೆ. ಗುಂಡಿ ಒತ್ತಿದ್ರೆ ಏನಾಗುತ್ತೆ?"

"ಒಂದು ಬ್ಯಾಚ್ ಫೈಲ್ ಓಡುತ್ತೆ." ಭಾವ ಕಪ್ಪು ಪರದೆಯೊಂದನ್ನು ತೆರೆದರು. ಬಿಳಿ ಅಕ್ಷರದ ನಾಲ್ಕಾರು ಸಾಲು. "ಆಜ್ಞೆಗಳನ್ನ ಒಂದರ ಕೆಳಗೆ ಒಂದು ಬರೆದಿಡೋದು. ಮೆಷಿನ್ನು ಕಣ್ಣು ಮುಚ್ಕೊಂಡು ಹಾಗೇ ಮಾಡುತ್ತೆ. ನಾನೇ ಬರೆದಿದ್ದು. ಬರೆದ ಮೇಲೆ ಮುಟ್ಟೇ ಇಲ್ಲ."

"ಇದರಲ್ಲಿ ಆ ಉದ್ದದ ಹೆಸರು ಎಲ್ಲೂ ಕಾಣ್ತಿಲ್ವಲ್ಲ?"

"ಇದು ಹಳೇ ಕಾಲದ್ದಮ್ಮ. ಸದ್ದು ನುಡಿಸೋ ಪ್ರೋಗ್ರಾಮು ಇನ್ನೂ ಹಳೇದು. ಉದ್ದ ಹೆಸರು ಅದಕ್ಕೆ ಜೀರ್ಣ ಆಗಲ್ಲ. ಎರಡು ಪದದ ನಡುವೆ ಖಾಲಿ ಜಾಗ ಸಿಕ್ತೋ, ಹೆಸರು ಅಲ್ಲಿಗೇ ಮುಗೀತು ಅಂದ್ಕೊಳ್ಳುತ್ತೆ. 'ಮೂರನೇ' ಅನ್ನೋ ಫೈಲು ಹುಡುಕಿ, ಸಿಗಲಿಲ್ಲ ಅಂತ ಸುಮ್ಮನಾಗುತ್ತೆ."

"ಮತ್ತೆ ನೀವೇನು ಮಾಡಿದ್ರಿ?"

"ಮೆಷಿನ್ನೇ ಪ್ರತಿ ಉದ್ದ ಹೆಸರಿಗೂ ಒಳಗೊಳಗೇ ಒಂದು ಅಡ್ಡಹೆಸರು ಇಟ್ಟಿರುತ್ತೆ. ಹೆಸರಿನ ಮೊದಲ ಆರು ಅಕ್ಷರ, ಒಂದು ಅಲೆ ಥರದ ಗೆರೆ, ಒಂದು ನಂಬರು. ನಾನು ಬರೆದಿರೋದು ಆ ಅಡ್ಡಹೆಸರು."

ಚಿಮಟಳ ಹೆಬ್ಬೆರಳು ಕೆರೆಯುವುದನ್ನು ನಿಲ್ಲಿಸಿತು.

"ಈ ಮೂರೂ ಫೈಲಿಗೆ ಮೊದಲ ಆರು ಅಕ್ಷರ ಒಂದೇ."

"ಹೂಂ."

"ಅಂದ್ರೆ ಗೂಬೆಗೂ ಗುಡುಗಿಗೂ ಇರೋ ವ್ಯತ್ಯಾಸ ಆ ನಂಬರು ಮಾತ್ರ."

"ಹೂಂ."

"ನಂಬರು ಕೊಡೋದು ಯಾರು?"

"ಮೆಷಿನ್ನು. ಯಾರು ಮೊದಲು ಬಂದ್ರೋ ಅವರಿಗೆ ಒಂದು. ನಾನು ಮೊದಲು ಗೂಬೆ ರೆಕಾರ್ಡ್ ಮಾಡಿದ್ದು, ಆಮೇಲೆ ಹೆಜ್ಜೆ, ಆಮೇಲೆ ಗುಡುಗು. ಅದೇ ಲೆಕ್ಕ."

"ಟಿಕೆಟ್ ಕೌಂಟರಿನ ಸಾಲಿನ ಹಾಗೆ." ಚಿಮಟ ಆ ಗೂಡಿನಲ್ಲೇ ಅತ್ತಿಂದಿತ್ತ ನಡೆಯತೊಡಗಿದಳು. ಜಾಗವಿದ್ದದ್ದು ಒಂದೂವರೆ ಹೆಜ್ಜೆಗೆ. ಅದರಲ್ಲೇ ಊರು ಸುತ್ತಿದಳು. "ಸಾಲು ಕಲಸಿಹೋಗೋದು ಯಾವಾಗ?"

ಭಾವ ಕನ್ನಡಕ ತೆಗೆದು ಅಂಗಿಯಿಂದ ಒರೆಸಿದರು. "ತಾನಾಗೇ ಯಾವತ್ತೂ ಇಲ್ಲ. ಯಾರಾದ್ರೂ ತೊಳೆದು ತುಂಬಿದ್ರೆ ಮಾತ್ರ."

"ತೊಳೆದು ತುಂಬೋದಾ?"

"ಎಲ್ಲಾನೂ ಪೆನ್‌ಡ್ರೈವಿಗೆ ತಗೊಂಡು, ಇಲ್ಲಿಂದ ಅಳಿಸಿ, ವಾಪಸ್ ಹಾಕೋದು. ಮನೇಲಿ ಡಬ್ಬ ತೊಳೆದು ತುಂಬ್ತಾರಲ್ಲ, ಹಾಗೆ. ಆಗ ಮೆಷಿನ್ನಿಗೆ ಇವರೆಲ್ಲಾ ಹೊಸ ಗಿರಾಕಿಗಳು. ಇಂಗ್ಲಿಷ್ ಎಬಿಸಿಡಿ ಸಾಲಿನಲ್ಲಿ ಬರ್ತಾರೆ, ಬಂದ ಹಾಗೆ ನಂಬರು. ಉದ್ದ ಹೆಸರು ಮಾತ್ರ ಇದ್ದ ಹಾಗೇ ಇರುತ್ತೆ. ನೋಡೋರಿಗೆ ಏನೂ ಗೊತ್ತಾಗಲ್ಲ."

"ಇದನ್ನ ನಿನ್ನೆಯೇ ಇನ್‌ಸ್ಪೆಕ್ಟರಿಗೆ ಹೇಳೋಕೇನಾಗಿತ್ತು ನಿಮಗೆ?"

"ಅವರು ದಿನಾಂಕ ನೋಡಿದ್ರು. ಎಲ್ಲಾ ಹನ್ನೊಂದು ವರ್ಷದ ಹಿಂದಿನದು. ಯಾರೂ ಮುಟ್ಟಿಲ್ಲ, ನೀನೇ ತಪ್ಪು ಒತ್ತಿದೀಯ ಅಂದ್ರು. ನಾನೇನು ಹೇಳಲಿ?"

ಚಿಮಟ ಪರದೆಗೆ ಮೂಗು ತಾಗಿಸಿದಳು. ಹೌದು, ಪಟ್ಟಿಯಲ್ಲಿ ಹನ್ನೊಂದು ವರ್ಷ ಹಳೆಯ ದಿನಾಂಕ. ಇನ್ನೊಬ್ಬರಾಗಿದ್ದರೆ ಅಲ್ಲಿಗೆ ಕೈ ಚೆಲ್ಲುತ್ತಿದ್ದರು. ಆದರೆ ಆ ಕಣ್ಣುಗಳು ಸಾಮಾನ್ಯವೇ? ಹಿಂದೊಮ್ಮೆ ಸಾಸಿವೆ ರಾಶಿಯಲ್ಲಿ ಬೇರೆ ಅಂಗಡಿಯ ಒಂದು ಸಾಸಿವೆ ಕಾಳನ್ನು ಹೆಕ್ಕಿ ಕಳ್ಳನನ್ನು ಹಿಡಿದ ಕಣ್ಣುಗಳವು.

ಗುಡುಗಿನ ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿದಳು. ಒಂದು ಪೆಟ್ಟಿಗೆ ತೆರೆಯಿತು. ಅದರಲ್ಲಿ ಒಂದಲ್ಲ, ಎರಡು ದಿನಾಂಕ. ಕೊನೆಯ ಸಲ ತಿದ್ದಿದ್ದು: ಹನ್ನೊಂದು ವರ್ಷದ ಹಿಂದೆ. ಈ ಡಿಸ್ಕಿನಲ್ಲಿ ಹುಟ್ಟಿದ್ದು: ನಿನ್ನೆ ಬೆಳಿಗ್ಗೆ.

ಅವಳು ಕಣ್ಣು ಉಜ್ಜಿ ಮತ್ತೆ ನೋಡಿದಳು. ಹೆಜ್ಜೆ, ನಿನ್ನೆ ಬೆಳಿಗ್ಗೆ. ಗೂಬೆ, ನಿನ್ನೆ ಬೆಳಿಗ್ಗೆ.

"ಭಾವಾ! ಈ ಮಕ್ಕಳು ಹುಟ್ಟೋ ಮೊದಲೇ ಮುದುಕರಾಗಿದಾರೆ!"

ಕೂಗಿದ ರಭಸಕ್ಕೆ ಗಾಜು ಅದುರಿತು. ಹೊರಗೆ ಇನ್‌ಸ್ಪೆಕ್ಟರ್ ಎರಡನೆಯ ಲೋಟ ಮುಗಿಸಿ ಮೂರನೆಯದಕ್ಕೆ ಕೈ ಚಾಚಿದ್ದು ಕಾಣಿಸಿತು.

"ಆ ಅಡ್ಡಹೆಸರು ತೋರಿಸಿ. ಬೇಗ!"

ಭಾವ ಕಪ್ಪು ಪರದೆಯಲ್ಲಿ ಒಂದು ಆಜ್ಞೆ ಹೊಡೆದರು. ಉದ್ದ ಹೆಸರುಗಳ ಪಕ್ಕದಲ್ಲಿ ಗಿಡ್ಡ ಹೆಸರುಗಳು ಸಾಲಾಗಿ ನಿಂತವು. ಗೂಬೆ ಒಂದು. ಗುಡುಗು ಎರಡು. ಹೆಜ್ಜೆ ಮೂರು.

ಎರಡು ಒತ್ತಿದರೆ ಗುಡುಗು. ಭಾವ ಸುಳ್ಳು ಹೇಳಿರಲಿಲ್ಲ.

ಇನ್ನೂ ಒಂದು ಸಿಹಿ ಬಾಕಿ ಇತ್ತು. ಫೈಲುಗಳು ಮರುಹುಟ್ಟು ಪಡೆದ ಆ ಬೆಳಗಿನ ಹೊತ್ತಿನಲ್ಲೇ ಭಾವ ಊರಿನ ಆಚೆ ತುದಿಯಲ್ಲಿ, ರಾಣಿಯಮ್ಮನ ಬಾಗಿಲಲ್ಲಿ, ಇಡೀ ಬೀದಿಯ ಎದುರು ಕೂಗಾಡುತ್ತಿದ್ದರು! ಯಾವ ಜಗಳ ಅವರ ಕೊರಳಿಗೆ ಉರುಳಾಗಿತ್ತೋ ಅದೇ ಈಗ ಅವರನ್ನು ಮೇಲೆತ್ತುವ ಹಗ್ಗ. ಸಾಕ್ಷಿಗೆ ಕಿಟಕಿಗೊಬ್ಬರಂತೆ ಜನ.

"ಈ ರೂಮಿನ ಕೀಲಿ ಯಾರ ಹತ್ರ ಇರುತ್ತೆ?"

"ನನ್ನ ಹತ್ರ ಒಂದು." ಭಾವ ಸೊಂಟದ ಗೊಂಚಲು ಮುಟ್ಟಿದರು. "ಯಜಮಾನರ ಹತ್ರ ಒಂದು."

ಚಿಮಟ ಬಾಗಿಲು ತೆರೆಯಲಿಲ್ಲ. ಬಾಗಿಲು ತಾನಾಗಿ ಜಾರಿ ದಾರಿ ಬಿಟ್ಟಿತು ಎನ್ನಬೇಕು.

ಯಜಮಾನರು ರಂಗದ ಮೇಲೆ ನಿಂತು ಇನ್‌ಸ್ಪೆಕ್ಟರಿಗೆ ತಮ್ಮ ಕಂಪನಿಯ ವೈಭವ ವರ್ಣಿಸುತ್ತಿದ್ದರು. ರಾಜನ ಪಾತ್ರ ಮಾಡಿ ಮಾಡಿ, ಮನೆಯಲ್ಲಿ ನೀರು ಕೇಳಿದರೂ ಸಿಂಹಾಸನದಿಂದ ಕೇಳಿದಂತಿರುತ್ತಿತ್ತು.

"ಯಜಮಾನ್ರೇ, ನಿನ್ನೆ ಬೆಳಿಗ್ಗೆ ಸೌಂಡ್ ರೂಮಿಗೆ ಯಾಕೆ ಹೋಗಿದ್ರಿ?"

"ಯಾರು? ನಾನೇ?" ಅವರು ಎದೆಯ ಮೇಲೆ ಅಂಗೈ ಇಟ್ಟುಕೊಂಡರು. "ನಾನು ಆ ಗೂಡಿಗೆ ಕಾಲಿಟ್ಟು ಯುಗಗಳೇ ಆದವು!"

"ಯುಗ ಅಲ್ಲ, ಒಂದು ದಿನ. ಭಾವನ ಕೀಲಿ ಅವರ ಕೈಯಲ್ಲಿತ್ತು, ಬೀದಿಯೆಲ್ಲ ನೋಡಿದೆ. ಇನ್ನೊಂದು ಕೀಲಿ ನಿಮ್ಮದು. ನಿಮ್ಮ ಕೀಲಿಗೆ ಕಾಲು ಬಂದು ತಾನೇ ನಡ್ಕೊಂಡು ಹೋಯ್ತಾ?"

"ಏನಮ್ಮಾ, ನನ್ನ ಕಂಪನಿಗೆ ಬಂದು ನನ್ನನ್ನೇ..."

"ಮೂರೂ ಫೈಲು ನಿನ್ನೆ ಬೆಳಿಗ್ಗೆ ಹೊಸದಾಗಿ ಹುಟ್ಟಿವೆ. ಹೆತ್ತೋರು ಯಾರು ಹೇಳಿ." ಚಿಮಟ ಒಂದು ಹೆಜ್ಜೆ ಮುಂದಿಟ್ಟಳು. "ರಾಣಿಯಮ್ಮ ಆಸ್ಪತ್ರೇಲಿ ಬಿದ್ದಿದಾರೆ. ನಮ್ಮ ಅಕ್ಕ ನಿನ್ನೆಯಿಂದ ಅನ್ನ ಮುಟ್ಟಿಲ್ಲ. ನೀವು ಇಲ್ಲಿ ಡೈಲಾಗ್ ಹೊಡೀತಾ ಇದೀರಿ."

ಇನ್‌ಸ್ಪೆಕ್ಟರ್ ಲೋಟವನ್ನು ಕಟ್ಟೆಯ ಮೇಲಿಟ್ಟರು. ಅವರು ಲೋಟ ಕೆಳಗಿಡುವುದೆಂದರೆ ಇನ್ನೊಬ್ಬರು ಪಿಸ್ತೂಲು ಎತ್ತಿದಂತೆ.

ಯಜಮಾನರ ಎದೆ ಗಾಳಿ ಬಿಟ್ಟ ಟ್ಯೂಬಿನಂತೆ ಇಳಿಯಿತು. ಸಿಂಹಾಸನ ಹೋಯಿತು, ಕಿರೀಟ ಹೋಯಿತು, ಉಳಿದದ್ದು ಒಬ್ಬ ಹೆದರಿದ ಮುದುಕ.

"ಹೋಗಿದ್ದೆ," ಎಂದರು ಸಣ್ಣಗೆ. "ಏನೂ ಕೆಟ್ಟದ್ದು ಮಾಡ್ಲಿಲ್ಲ ಕಣಮ್ಮ. ಮೆಷಿನ್ನು ನಿಧಾನ ಆಗಿದೆ, ಯಾವತ್ತೋ ಒಂದಿನ ಕೈಕೊಡುತ್ತೆ ಅಂತ... ಒಂದು ಕಾಪಿ ತಗೊಂಡೆ. ಆಮೇಲೆ ತೊಳೆದು ತುಂಬಿದೆ. ಅಷ್ಟೇ. ಹೆಸರು ಒಂದಕ್ಷರ ಬದಲಾಗಿರಲಿಲ್ಲ, ಎಲ್ಲಾ ಇದ್ದ ಹಾಗೇ ಇತ್ತು. ಅದರಿಂದ ಹೆಜ್ಜೆ ಗುಡುಗು ಆಗುತ್ತೆ ಅಂತ ನನಗೇನು ಕನಸು ಬಿದ್ದಿತ್ತಾ?"

ತೊಳೆದು ತುಂಬಿದೆ. ಆ ಮಾತು ಚಿಮಟಳ ಕಿವಿಯಲ್ಲಿ ಸೊಳ್ಳೆಯಂತೆ ಒಂದು ಸುತ್ತು ಹೊಡೆಯಿತು. ಆದರೆ ಗೆಲುವಿನ ಡೋಲು ಎಷ್ಟು ಜೋರಾಗಿತ್ತೆಂದರೆ, ಸೊಳ್ಳೆಯ ಸದ್ದು ಅಲ್ಲೇ ಮುಳುಗಿಹೋಯಿತು.

"ನಿನ್ನೆ ಯಾಕೆ ಹೇಳ್ಲಿಲ್ಲ?" ಇನ್‌ಸ್ಪೆಕ್ಟರ್ ಗುಡುಗಿದರು, ಈ ಸಲ ಸರಿಯಾದ ಜಾಗದಲ್ಲೇ.

"ಬಂಡೆ ಬಿದ್ದ ಮೇಲೆ ಕೈಕಾಲು ತಣ್ಣಗಾಯ್ತು ಸಾರ್. ಸೌಂಡ್ ಮಾಸ್ಟರ್ ತಪ್ಪು ಅಂತ ನೀವೇ ಅಂದ್ರಿ. ಇರಲಿ ಬಿಡು ಅಂತ ಸುಮ್ಮನಾದೆ."

"ಒಬ್ಬ ಮನುಷ್ಯ ಜೈಲಿಗೆ ಹೋದ್ರೂ ಇರಲಿ ಬಿಡು?" ಎಂದಳು ಚಿಮಟ.

ಯಜಮಾನರು ಪರದೆಯ ಅಂಚಿನಿಂದ ಕಣ್ಣು ಒರೆಸಿಕೊಂಡರು. ಆ ಪರದೆ ಒಗೆದು ಒಂದು ತಲೆಮಾರಾಗಿತ್ತು. ಕಣ್ಣು ಇನ್ನಷ್ಟು ಕೆಂಪಾಯಿತು.

ಇನ್‌ಸ್ಪೆಕ್ಟರ್ ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟರು. "ಹಂಗಾದ್ರೆ ಇದು ಅಚಾತುರ್ಯ. ಸೌಂಡ್ ಮಾಸ್ಟರ್, ನೀವು ಮನೆಗೆ ಹೋಗಬಹುದು. ಏನ್ರೀ ಚಿಮಟ, ನಿಮ್ಮ ಟೀ ಚೆನ್ನಾಗಿತ್ತು."

ಭಾವ ಉಸಿರನ್ನು ಉದ್ದಕ್ಕೆ ಬಿಟ್ಟರು.

ಚಿಮಟ ಫೋನ್ ತೆಗೆದಳು. ಮೊದಲನೇ ಗಂಟೆ ಪೂರ್ತಿ ಆಗುವ ಮೊದಲೇ ಅಕ್ಕನ ದನಿ ನುಗ್ಗಿತು. "ಏನಾಯ್ತೇ? ಬಿಟ್ರಾ? ನಿಮ್ಮ ಭಾವ ಏನಾದ್ರೂ ತಿಂದ್ರಾ?"

"ಇರೇ ಅಕ್ಕ, ಉಸಿರಾಡೇ. ಹೇಳ್ತೀನಿ..."

ಹೇಳಲಾಗಲಿಲ್ಲ. ರಂಗದ ಪಕ್ಕದ ಬಾಗಿಲಲ್ಲಿ ಹಗ್ಗದಜ್ಜ ನಿಂತಿದ್ದ.

ಅವನನ್ನು ಕರೆಸಿದ್ದು ಅವಳೇ. ನಿನ್ನೆ ಯಜಮಾನರು ಮನೆಗೆ ಅಟ್ಟಿದಾಗಿನಿಂದ ಅಜ್ಜ ಹೊರಗೆ ಬಂದಿರಲಿಲ್ಲ. ಅಂಗೈಗಳು ಹಗ್ಗ ತಿಂದು ತಿಂದು ಆಮೆಯ ಚಿಪ್ಪಾಗಿದ್ದವು. ಆ ಅಂಗೈಗೆ ಮೊಳೆ ಹೊಡೆದರೆ ಮೊಳೆಯೇ ಬಗ್ಗಬೇಕು. ಅಜ್ಜ ಒಳಗೆ ಬಂದ, ಎಲ್ಲರನ್ನೂ ನೋಡಿದ, ಬಾವಿಯ ಮೇಲೆ ಕೂತಿದ್ದ ಇನ್‌ಸ್ಪೆಕ್ಟರನ್ನು ನೋಡಿದ.

"ಅಯ್ಯೋ ಸಾಹೇಬ್ರೇ, ಏಳಿ! ಅಲ್ಲಿಂದ ಏಳಿ!"

"ಯಾಕಪ್ಪಾ, ಬಣ್ಣಾನಾ?"

"ಏಳ್ರೀ!"

ಕೂಗಿದ ರೀತಿಗೆ ಇನ್‌ಸ್ಪೆಕ್ಟರ್ ಎದ್ದರು ಎನ್ನುವುದು ಕಡಿಮೆ, ಹಾರಿದರು. ಆ ಗಾತ್ರ ಗಾಳಿಯಲ್ಲಿ ತೇಲಿದ್ದನ್ನು ಕಂಡ ಟೀಯವನು ಮುಂದೆ ಮೊಮ್ಮಕ್ಕಳಿಗೆ ಹೇಳುವುದಕ್ಕೆಂದು ಅಲ್ಲೇ ಮನಸ್ಸಿನಲ್ಲಿ ಬರೆದುಕೊಂಡ. ಲೋಟ ಉರುಳಿ ಹಲಗೆಯ ಮೇಲೆ ಟೀ ಹರಿಯಿತು.

ಅಜ್ಜ ಆ ಚಿಪ್ಪಿನಂಥ ಕೈ ಮೇಲಕ್ಕೆತ್ತಿ ತೋರಿಸಿದ.

ಎಲ್ಲರೂ ತಲೆ ಎತ್ತಿದರು.

ತೂಗುಬಿಟ್ಟ ಪರದೆಗಳ ಕತ್ತಲೆಯ ನಡುವೆ, ಬಾವಿಕಟ್ಟೆಯ ನೇರ ಮೇಲೆ, ಒಂದು ಬಂಡೆ ಮೆಲ್ಲಗೆ ಅತ್ತಿತ್ತ ತೂಗುತ್ತಿತ್ತು. ನೆಲದ ಮೇಲೆ, ಸೀಮೆಸುಣ್ಣದ ಗೆರೆಯೊಳಗೆ, ಇನ್ನೊಂದು ಬಂಡೆ ಬಿದ್ದಿತ್ತು. ಅವಳಿ ಮಕ್ಕಳಂತೆ ಒಂದೇ ಬಣ್ಣ, ಒಂದೇ ಹೊಲಿಗೆ. ಬಂಡೆ ಕೆಳಗೆ ಬಿದ್ದಿರುವಾಗ ತಲೆ ಎತ್ತಿ ನೋಡುವ ಮನುಷ್ಯ ಯಾರು? ಇಡೀ ಪೊಲೀಸ್ ಠಾಣೆ ಒಂದು ದಿನ ಪೂರ್ತಿ ನೆಲವನ್ನೇ ನೋಡಿತ್ತು.

"ಅದು ನನ್ನ ಬಂಡೆ," ಎಂದ ಅಜ್ಜ. "ನಿನ್ನೆ ಗುಡುಗಿತು ನಿಜ, ತಾಯಿ. ಆದ್ರೆ ರಾಣಿಯಮ್ಮನ ಅಳು ಇನ್ನೂ ಮುಗಿದಿರಲಿಲ್ಲ. ಹೆಜ್ಜೆ ಬಂದೇ ಇರಲಿಲ್ಲ. ಇದೇನೋ ತಪ್ಪಾಗಿದೆ ಅಂತ ನಾನು ಹಗ್ಗ ಬಿಡಲೇ ಇಲ್ಲ. ಕೆಳಗೆ ಧಡ್ ಅಂತು, ಕಿರುಚಿಕೊಂಡ್ರು. ನನ್ನ ಕೈಯಲ್ಲಿ ಭಾರ ಹಾಗೇ ಇತ್ತು. ಗೂಟಕ್ಕೆ ಒಂದೇ ಒಂದು ಸುತ್ತು ಹಾಕಿ ಓಡಿ ಬಂದೆ."

"ಇದನ್ನ ಯಾಕೋ ಹೇಳ್ಲಿಲ್ಲ?" ಯಜಮಾನರು ಕೂಗಿದರು.

"ಬಾಯಿ ತೆಗೆದೆ. ನಿನ್ನ ತಪ್ಪಲ್ಲ, ಮನೆಗೆ ಹೋಗು ಅಂತ ತಳ್ಳಿದ್ರಿ. ನನ್ನ ಬಂಡೆ ಮೇಲಿರೋದು ನಂಗೆ ಬಿಟ್ರೆ ಇನ್ಯಾರಿಗೂ ಗೊತ್ತಿಲ್ಲ, ಯಾರಾದ್ರೂ ಕೆಳಗೆ ಕೂತ್ರೆ ಏನು ಗತಿ ಅಂತ ರಾತ್ರಿಯೆಲ್ಲ ನಿದ್ದೆ ಇಲ್ಲ ನಂಗೆ."

ಇನ್‌ಸ್ಪೆಕ್ಟರ್ ತಮ್ಮ ಪ್ಯಾಂಟಿನ ಹಿಂಬದಿಯನ್ನು ಕೊಡವಿಕೊಂಡರು. ಅಲ್ಲಿ ಧೂಳು ಬಿಟ್ಟರೆ ಏನೂ ಇರಲಿಲ್ಲ.

ಬಣ್ಣ ಇರಲಿಲ್ಲ.

ಚಿಮಟಳ ಕಾಲು ನಿಂತುಹೋಯಿತು. ಬೆಳಗಿನಿಂದ ಒಂದು ಕ್ಷಣ ನಿಲ್ಲದ ಕಾಲು. ಅವಳು ಬಾಗಿ ಬಾವಿಕಟ್ಟೆಯ ಮೇಲೆ ಬೆರಳು ಎಳೆದಳು. ಬಣ್ಣ ಒಣಗಿ, ಬಿರಿದು, ಚಕ್ಕೆಯಾಗಿ ಎದ್ದಿತ್ತು. ಆ ಬಾವಿಗೆ ಬಣ್ಣ ಬಳಿದು ವರ್ಷಗಳೇ ಆಗಿದ್ದವು.

ಅಲ್ಲಿ ಕೂರಬೇಡಿ ಎಂದಿದ್ದು ಯಾರು?

ಆಗ ಆ ಮುಳುಗಿದ್ದ ಸೊಳ್ಳೆ ಮತ್ತೆ ಮೇಲೆದ್ದಿತು. ತೊಳೆದು ತುಂಬಿದೆ. ಡೈಲಾಗ್ ಬಿಟ್ಟು ಬೇರೆ ಮಾತೇ ಬಾರದ ಯಜಮಾನರ ಬಾಯಿಗೆ ಆ ಮಾತು ಎಲ್ಲಿಂದ ಬಂತು? ದನಿಯೇ ಏರಿಸದ ಮನುಷ್ಯ ನಿನ್ನೆ ಬೆಳಿಗ್ಗೆಯೇ ಯಾಕೆ ಕೂಗಾಡಿದರು, ಕಿಟಕಿಗೊಬ್ಬರು ಸಾಕ್ಷಿ ನಿಲ್ಲುವಷ್ಟು ಜೋರಾಗಿ? ಗುಡುಗು ಕೇಳಿದೊಡನೆ ರಾಣಿಯಮ್ಮ ಕಟ್ಟೆ ಬಿಟ್ಟು ಓಡುವ ಜಾಗದ ಮೇಲೇ ಎರಡನೆಯ ಬಂಡೆ ಕಟ್ಟಿಟ್ಟಿದ್ದು ಯಾರು? ಅಡ್ಡಹೆಸರು, ನಂಬರು, ಸಾಲು, ಇದನ್ನೆಲ್ಲ ತಾನು ಕಂಡುಹಿಡಿದೆ ಎಂದುಕೊಂಡಿದ್ದಳಲ್ಲ! ಭಾವ ಒಂದೊಂದೇ ಕಾಳು ಹಾಕುತ್ತಾ ಹೋಗಿದ್ದರು. ಇವಳು ಕೋಳಿಯಂತೆ ಹೆಕ್ಕುತ್ತಾ ಹಿಂದೆ ಬಂದಿದ್ದಳು.

"ಯಜಮಾನ್ರೇ," ಎಂದಳು. "ತೊಳೆದು ತುಂಬಿ ಅಂತ ನಿಮಗೆ ಹೇಳಿಕೊಟ್ಟೋರು ಯಾರು?"

ಯಜಮಾನರು ಮೇಲಿನ ಬಂಡೆಯಿಂದ ಕಣ್ಣು ಕೀಳದೆಯೇ ಹೇಳಿದರು. "ಇನ್ಯಾರಮ್ಮ? ಸೌಂಡ್ ಮಾಸ್ಟರೇ. ನಾನಿಲ್ಲದಾಗ ಮಾಡಿ, ನಿಧಾನಕ್ಕೆ ಮಾಡಿ ಅಂದ್ರು."

ಇನ್‌ಸ್ಪೆಕ್ಟರ್ ಇನ್ನೂ ಮೇಲೆ ನೋಡುತ್ತಿದ್ದರು. ಅಜ್ಜ ನೋಡುತ್ತಿದ್ದ. ಟೀಯವನು ಬಾಯಿ ತೆರೆದು ನೋಡುತ್ತಿದ್ದ. ಮೇಲೆ ಹಗ್ಗ ಗೂಟದ ಸುತ್ತ ಕಿರ್ರ್ ಎಂದಿತು.

ಭಾವ ಒಬ್ಬರು ಮಾತ್ರ ಒಂದು ಸಲವೂ ತಲೆ ಎತ್ತಿರಲಿಲ್ಲ. ಅವರು ಚಿಮಟಳನ್ನೇ ನೋಡುತ್ತಿದ್ದರು. ಬೇಡ ಎನ್ನುವಂತೆ, ಕಂಡೂ ಕಾಣದಷ್ಟು, ತಲೆ ಅಲ್ಲಾಡಿಸಿದರು.

ಚಿಮಟಳ ಕೈಯಲ್ಲಿ ಫೋನು ಇನ್ನೂ ತೆರೆದೇ ಇತ್ತು.

"ಲೇ, ಎಲ್ಲೋದ್ಯೇ?" ಅಕ್ಕನ ದನಿ ರಂಗದ ತುಂಬ ಕೇಳಿಸಿತು. "ಬಾಯಿ ಬಿಡೇ! ಬಿಟ್ರೋ ಇಲ್ವೋ? ನಿಮ್ಮ ಭಾವ ಏನೂ ಮಾಡಿಲ್ಲ ತಾನೆ?"